ಕ್ಯಾಡ್ ಸಾಫ್ಟ್‌ವೇರ್ ಬದಲಾವಣೆ: ಕೊಡಗಿನ ಡ್ರಾಫ್ಟಿಂಗ್ ಕಚೇರಿಗಳು ಪದೇ ಪದೇ ಕೇಳುವ ಪ್ರಶ್ನೆಗಳು

ಕ್ಯಾಡ್ ಅಂದರೆ ಕಂಪ್ಯೂಟರ್‌ನಲ್ಲಿ ನಕ್ಷೆ ಬಿಡಿಸುವ ಸಾಫ್ಟ್‌ವೇರ್, ಆಟೋಕ್ಯಾಡ್ ಅಂಥದ್ದೊಂದು. ಮನೆ ಪ್ಲಾನ್, ಹೋಂಸ್ಟೇ ನಕ್ಷೆ, ತೋಟದ ಸರ್ವೆ, ರಸ್ತೆ ಬದಿಯ ತಡೆಗೋಡೆ ಇವೇ ಮುಖ್ಯ ಕೆಲಸವಾಗಿರುವ, ಒಂದರಿಂದ ಐದು ಕಂಪ್ಯೂಟರ್ ಇರುವ ಕಚೇರಿಗಳಿಗಾಗಿ ಇದನ್ನು ಬರೆದಿದೆ. ಎಲ್ಲ ಉತ್ತರಗಳೂ ವಿಂಡೋಸ್ ಕಂಪ್ಯೂಟರ್ ಇದೆ ಎಂದು ಭಾವಿಸಿ ಕೊಟ್ಟವು.

ಆಟೋಕ್ಯಾಡ್ ಬಿಟ್ಟು ಬೇರೆಯದಕ್ಕೆ ಹೋಗಲೇಬೇಕೇ?

ಹೋಗಲೇಬೇಕೆಂದೇನೂ ಇಲ್ಲ. ಈ ಪ್ರಶ್ನೆ ಹುಟ್ಟಿದ್ದೇ ಹಣದಿಂದ. ಆಟೋಕ್ಯಾಡ್ ತಯಾರಿಸುವ ಆಟೋಡೆಸ್ಕ್ ಕಂಪನಿ 2016ರಲ್ಲಿ ಹೊಸ ಶಾಶ್ವತ ಲೈಸೆನ್ಸ್ ಮಾರುವುದನ್ನು ನಿಲ್ಲಿಸಿ ಚಂದಾ ಪದ್ಧತಿಗೆ ಹೋಯಿತು. ಅಂದಿನಿಂದ ಕೆಲಸ ಇರಲಿ ಇಲ್ಲದಿರಲಿ, ವರ್ಷ ವರ್ಷ ಕಟ್ಟಬೇಕು. ತಿಂಗಳಿಗೆ ನಾಲ್ಕು ಮನೆ ಪ್ಲಾನ್ ಮಾಡುವ ಕಚೇರಿಗೆ ಅದು ಭಾರ. ದಿನಕ್ಕೆ ನಾಲ್ಕು ಹಾಳೆ ಹೊರಡಿಸುವ ಕಚೇರಿಗೆ ಅಷ್ಟೇನೂ ಅಲ್ಲ.

ಲೆಕ್ಕ ಹಾಕುವಾಗ ಒಂದು ವರ್ಷದ ಬೆಲೆ ನೋಡಬೇಡಿ, ಮೂರು ವರ್ಷದ್ದು ನೋಡಿ. ಒಂದು ಕಡೆ ಮೂರು ವರ್ಷದ ಚಂದಾ. ಇನ್ನೊಂದು ಕಡೆ ಹೊಸ ಸಾಫ್ಟ್‌ವೇರ್‌ನ ಬೆಲೆ, ಅದರ ಅಪ್‌ಗ್ರೇಡ್ ಖರ್ಚು, ಜೊತೆಗೆ ಕಲಿಯುವ ದಿನಗಳಲ್ಲಿ ನಿಧಾನವಾಗುವ ಕೆಲಸದ ನಷ್ಟ. ಸಾಫ್ಟ್‌ವೇರ್ ಮೇಲೆ ಶೇ. 18 ಜಿಎಸ್‌ಟಿ ಇದೆ. ನಿಮ್ಮದು ಜಿಎಸ್‌ಟಿ ನೋಂದಣಿ ಇಲ್ಲದ ಕಚೇರಿಯಾದರೆ ಆ ತೆರಿಗೆ ವಾಪಸ್ ಸಿಗದು, ಅದನ್ನೂ ಬೆಲೆಗೇ ಸೇರಿಸಿ. ಹೀಗೆ ಲೆಕ್ಕ ಹಾಕಿದ ಮೇಲೂ ಉಳಿತಾಯ ಸಣ್ಣದೆನಿಸಿದರೆ ಇದ್ದಲ್ಲೇ ಇರುವುದು ಜಾಣತನ. ನಡುವಿನ ದಾರಿಯೂ ಒಂದಿದೆ. ಕೆಲಸವೆಲ್ಲ 2ಡಿ ಆಗಿದ್ದರೆ ಆಟೋಕ್ಯಾಡ್ ಎಲ್‌ಟಿ ಸಾಕು. ಮೊದಲು ಅದರಲ್ಲಿ ಲಿಸ್ಪ್ (ಪದೇ ಪದೇ ಬರುವ ಕೆಲಸವನ್ನು ತಾನಾಗಿ ಮಾಡಿಸುವ ಸಣ್ಣ ಪ್ರೋಗ್ರಾಂಗಳು) ಓಡುತ್ತಿರಲಿಲ್ಲ; 2024ರ ಆವೃತ್ತಿಯಿಂದ ಓಡುತ್ತದೆ.

ಬದಲಿಗೆ ಯಾವುದು ಇದೆ?

ಆಟೋಕ್ಯಾಡ್‌ನ ನಕ್ಷೆ ಫೈಲ್ ಆದ ಡಿಡಬ್ಲ್ಯುಜಿಯನ್ನೇ ನೇರವಾಗಿ ತೆರೆದು, ಅದರಲ್ಲೇ ಉಳಿಸುವ ಸಾಫ್ಟ್‌ವೇರ್‌ಗಳು ಒಂದು ಗುಂಪು: ಬ್ರಿಕ್ಸ್‌ಕ್ಯಾಡ್, ಝಡ್‌ಡಬ್ಲ್ಯುಕ್ಯಾಡ್, ಜಿಸ್ಟಾರ್‌ಕ್ಯಾಡ್, ಪ್ರೋಜಿಕ್ಯಾಡ್, ಡ್ರಾಫ್ಟ್‌ಸೈಟ್. ಕಮಾಂಡ್‌ಗಳ ಹೆಸರು ಬಹುಪಾಲು ಅವೇ, ತೆರೆ ಕೂಡ ಹೆಚ್ಚುಕಡಿಮೆ ಹಾಗೆಯೇ ಕಾಣುತ್ತದೆ. 'ಎಲ್' ಒತ್ತಿ ಎಂಟರ್ ಒತ್ತಿದರೆ ಗೆರೆ ಬರುತ್ತದೆ. ಆಟೋಕ್ಯಾಡ್ ಬಲ್ಲವರು ಮೊದಲ ದಿನವೇ ಒಂದು ಮಟ್ಟಕ್ಕೆ ಕೆಲಸ ಮಾಡಬಹುದು.

ಲಿಬ್ರೆಕ್ಯಾಡ್, ಕ್ಯೂಕ್ಯಾಡ್, ಫ್ರೀಕ್ಯಾಡ್ ಇನ್ನೊಂದು ಗುಂಪು. ಇವುಗಳ ಬಗ್ಗೆ ಕೆಳಗೆ ಬೇರೆ ಪ್ರಶ್ನೆಯೇ ಇದೆ. ರೆವಿಟ್, ಆರ್ಕಿಕ್ಯಾಡ್ ಮುಂತಾದ ಬಿಐಎಂ (ಕಟ್ಟಡದ ಪೂರ್ತಿ 3ಡಿ ಮಾದರಿ ಕಟ್ಟುವ) ಸಾಫ್ಟ್‌ವೇರ್‌ಗಳಿಗೆ ಹೋಗುವುದು ಸಾಫ್ಟ್‌ವೇರ್ ಬದಲಾವಣೆಯಷ್ಟೇ ಅಲ್ಲ, ಕೆಲಸದ ಕ್ರಮವೇ ಬದಲಾಗುತ್ತದೆ. ಈ ಪುಟದಲ್ಲಿ ಅದನ್ನು ಮುಟ್ಟಿಲ್ಲ.

ಯಾವುದು ಒಳ್ಳೆಯದು ಎಂದು ಬೇರೆಯವರನ್ನು ಕೇಳುವುದಕ್ಕಿಂತ, ನಿಮ್ಮದೇ ಫೈಲ್‌ಗಳನ್ನು ಹಾಕಿ ನೋಡುವುದು ಮೇಲು. ಹಣ ಕೊಟ್ಟು ಕೊಳ್ಳುವ ಮೇಲಿನ ಎಲ್ಲಕ್ಕೂ ಕೆಲವು ವಾರಗಳ ಉಚಿತ ಪ್ರಯೋಗಾವಧಿ ಇರುತ್ತದೆ. ಎಲ್ಲವನ್ನೂ ಒಟ್ಟಿಗೆ ಇಳಿಸಿಕೊಂಡರೆ ಯಾವುದನ್ನೂ ಸರಿಯಾಗಿ ನೋಡದೆ ಅವಧಿ ಮುಗಿಯುತ್ತದೆ. ಒಂದಾದ ಮೇಲೆ ಒಂದು ನೋಡಿ.

ಪ್ರಯೋಗಾವಧಿಯಲ್ಲಿ ಏನನ್ನು ಪರೀಕ್ಷಿಸಬೇಕು?

ಹೊಸ ಹಾಳೆಯಲ್ಲಿ ನಾಲ್ಕು ಗೋಡೆ ಎಳೆದು 'ಚೆನ್ನಾಗಿದೆ' ಅನ್ನುವುದು ಪರೀಕ್ಷೆಯಲ್ಲ. ನಿಮ್ಮ ಕಂಪ್ಯೂಟರ್‌ನಲ್ಲಿರುವ ಅತಿ ಕೆಟ್ಟ ಫೈಲನ್ನು ಹುಡುಕಿ: ಸರ್ವೆಯವರು ಕೊಟ್ಟ ಕಾಂಟೂರ್ (ಸಮ ಎತ್ತರದ ಗೆರೆಗಳು), ಬೆಂಗಳೂರಿನ ಆರ್ಕಿಟೆಕ್ಟ್ ಕಳಿಸಿದ ಎಕ್ಸ್‌ರೆಫ್ (ನಕ್ಷೆಗೆ ಜೋಡಿಸಿದ ಬೇರೆ ಫೈಲ್), ಕನ್ನಡದ ಟೈಟಲ್ ಬ್ಲಾಕ್, ಹೆಂಚಿನ ಹ್ಯಾಚ್ (ಜಾಗ ತುಂಬುವ ವಿನ್ಯಾಸ), ಐದಾರು ಲೇಔಟ್ (ಪ್ರಿಂಟ್ ಹಾಳೆ) ಇವೆಲ್ಲ ಒಂದರಲ್ಲೇ ಸೇರಿಕೊಂಡಿರುವಂಥದ್ದು. ಅದನ್ನು ಹಳೆಯ ಸಾಫ್ಟ್‌ವೇರ್‌ನಲ್ಲಿ ಪಿಡಿಎಫ್ ಮಾಡಿ. ಹೊಸದರಲ್ಲೂ ಪಿಡಿಎಫ್ ಮಾಡಿ. ಎರಡನ್ನೂ ಎ3ಯಲ್ಲಿ ಪ್ರಿಂಟ್ ತೆಗೆದು ಒಂದರ ಮೇಲೊಂದಿಟ್ಟು ಬೆಳಕಿಗೆ ಹಿಡಿಯಿರಿ. ಅಕ್ಷರ ಚೌಕದಿಂದ ಹೊರಗೆ ಬಂದಿದೆಯೇ, ಚುಕ್ಕಿಗೆರೆ ಗಟ್ಟಿಗೆರೆಯಾಗಿದೆಯೇ, ಹ್ಯಾಚ್ ಒತ್ತಾಗಿದೆಯೇ ಎಂಬುದು ತೆರೆಯ ಮೇಲೆ ಕಾಣುವುದಕ್ಕಿಂತ ಚೆನ್ನಾಗಿ ಹೀಗೆ ಕಾಣುತ್ತದೆ.

ಅಷ್ಟಕ್ಕೇ ಬಿಡಬೇಡಿ. ಹೊಸದರಲ್ಲಿ ಎರಡು ಬದಲಾವಣೆ ಮಾಡಿ ಉಳಿಸಿ, ಮತ್ತೆ ಆಟೋಕ್ಯಾಡ್‌ನಲ್ಲಿ ತೆರೆದು 'ಆಡಿಟ್' ಕೊಡಿ. ತಪ್ಪುಗಳ ಸಂಖ್ಯೆ ಸೊನ್ನೆ ಇರಬೇಕು. ಹೋಗುವಾಗ ಸರಿಯಿದ್ದು ಬರುವಾಗ ಕೆಡುವ ಫೈಲ್‌ಗಳೇ ಹೆಚ್ಚು ತೊಂದರೆ ಕೊಡುವವು, ಏಕೆಂದರೆ ಅದು ನಿಮಗೆ ಗೊತ್ತಾಗುವುದಿಲ್ಲ, ಫೈಲ್ ಪಡೆದವರಿಗೆ ಗೊತ್ತಾಗುತ್ತದೆ. ಆಟೋಕ್ಯಾಡ್ ಚಂದಾ ಮುಗಿದುಹೋಗಿದ್ದರೆ ಆಟೋಡೆಸ್ಕ್‌ನದೇ ಉಚಿತ ಡಿಡಬ್ಲ್ಯುಜಿ ಟ್ರೂವ್ಯೂ ಹಾಕಿಕೊಳ್ಳಿ. ಅದರಲ್ಲಿ ತಿದ್ದಲು ಬಾರದು, ಆದರೆ ಎದುರಿನವರಿಗೆ ಫೈಲ್ ಹೇಗೆ ಕಾಣುತ್ತದೆಂಬುದು ತಿಳಿಯುತ್ತದೆ.

ಹಳೆಯ ಫೈಲ್ ತೆರೆಯುವುದಿಲ್ಲ, 'ಆವೃತ್ತಿ ಸರಿಯಿಲ್ಲ' ಅನ್ನುತ್ತದೆ. ಯಾವ ಆವೃತ್ತಿಯದೆಂದು ತಿಳಿಯುವುದು ಹೇಗೆ?

ಫೈಲನ್ನು ನೋಟ್‌ಪ್ಯಾಡ್‌ನಲ್ಲಿ ತೆರೆಯಿರಿ. ಗೀಚುಗಳೇ ಕಾಣುತ್ತವೆ, ಹೆದರಬೇಡಿ. ಮೊದಲ ಆರು ಅಕ್ಷರ ಮಾತ್ರ ನೋಡಿ. ಎಸಿ1015 ಎಂದಿದ್ದರೆ ಅದು 2000ದ ಸ್ವರೂಪ. ಎಸಿ1018 ಅಂದರೆ 2004, ಎಸಿ1021 ಅಂದರೆ 2007, ಎಸಿ1024 ಅಂದರೆ 2010, ಎಸಿ1027 ಅಂದರೆ 2013, ಎಸಿ1032 ಅಂದರೆ 2018. ನೋಡಿದ ಮೇಲೆ ಉಳಿಸದೆ ಮುಚ್ಚಿ, ಉಳಿಸಿದರೆ ಫೈಲ್ ಹಾಳಾಗುತ್ತದೆ.

ನಾಲ್ಕಾರು ಕಚೇರಿಗಳ ನಡುವೆ ಓಡಾಡುವ ಫೈಲನ್ನು 2013ರ ಸ್ವರೂಪದಲ್ಲಿ ಉಳಿಸುವುದು ಕ್ಷೇಮ. ಹೊಸ ಸಾಫ್ಟ್‌ವೇರ್‌ನ ಆಯ್ಕೆಗಳಲ್ಲಿ ಇದನ್ನೇ ಡೀಫಾಲ್ಟ್ ಮಾಡಿಟ್ಟರೆ ಪ್ರತಿ ಸಲ ನೆನಪಿಡಬೇಕಿಲ್ಲ. ಮರಳಿ ಮರಳಿ ಎಸಿ1032ರಿಂದ 2000ಕ್ಕೆ, ಅಲ್ಲಿಂದ ಮೇಲಕ್ಕೆ ಮಾಡುತ್ತ ಹೋದರೆ ಹೊಸ ಬಗೆಯ ವಸ್ತುಗಳು ಒಂದೊಂದಾಗಿ ಸರಳಗೊಂಡು ಉದುರುತ್ತವೆ.

ಹಳೆಯ ಸಾಫ್ಟ್‌ವೇರ್ ತೆಗೆಯುವ ಮುನ್ನ ಏನೇನು ಎತ್ತಿಟ್ಟುಕೊಳ್ಳಬೇಕು?

ಡ್ರಾಯಿಂಗ್ ಫೈಲ್‌ಗಳು ಹೇಗೂ ಇರುತ್ತವೆ. ಕಳೆದುಹೋಗುವುದು ಅವುಗಳ ಸುತ್ತಲಿನ ಸಾಮಾನು. ಚಂದಾ ಮುಗಿಯುವ ಮೊದಲೇ, ಸಾಫ್ಟ್‌ವೇರ್ ಇನ್ನೂ ತೆರೆಯುತ್ತಿರುವಾಗಲೇ ಇಷ್ಟನ್ನು ಮಾಡಿ:

1. 'ಸ್ಟೈಲ್ಸ್‌ಮ್ಯಾನೇಜರ್' ಎಂದು ಟೈಪಿಸಿ. ಪ್ಲಾಟ್ ಸ್ಟೈಲ್ ಫೋಲ್ಡರ್ ತೆರೆಯುತ್ತದೆ. ಪ್ರಿಂಟ್‌ನಲ್ಲಿ ಗೆರೆಯ ದಪ್ಪ, ಬಣ್ಣ ತೀರ್ಮಾನಿಸುವ ನಿಮ್ಮ ಸಿಟಿಬಿ, ಎಸ್‌ಟಿಬಿ ಫೈಲ್‌ಗಳು ಅಲ್ಲಿರುತ್ತವೆ, ಅವನ್ನು ನಕಲಿಸಿ.
2. 'ಆಪ್ಷನ್ಸ್' ತೆರೆದು ಫೈಲ್ಸ್ ಪುಟದಲ್ಲಿ ಸಪೋರ್ಟ್ ಫೈಲ್‌ಗಳ ದಾರಿ ನೋಡಿ. ನೀವೇ ಸೇರಿಸಿದ ಹ್ಯಾಚ್‌ಗಳ ಪ್ಯಾಟ್ ಫೈಲ್, ಲೈನ್‌ಟೈಪ್‌ನ ಲಿನ್ ಫೈಲ್, ಶಾರ್ಟ್‌ಕಟ್‌ಗಳ ಪಿಜಿಪಿ ಫೈಲ್ ಇಲ್ಲಿರುತ್ತವೆ.
3. ಟೆಂಪ್ಲೇಟ್ ಆದ ಡಿಡಬ್ಲ್ಯುಟಿ ಫೈಲ್‌ಗಳು. ಹಲವರು ಇದನ್ನೇ ಮರೆಯುತ್ತಾರೆ.
4. ಲಿಸ್ಪ್ ಫೈಲ್‌ಗಳು. 'ಆಪ್‌ಲೋಡ್' ಕೊಟ್ಟು ಸ್ಟಾರ್ಟಪ್ ಪಟ್ಟಿ ನೋಡಿದರೆ ಯಾವುದು ಎಲ್ಲಿಂದ ಬರುತ್ತಿದೆಯೆಂದು ಗೊತ್ತಾಗುತ್ತದೆ.
5. ಚಾಲ್ತಿಯಲ್ಲಿರುವ ಪ್ರತಿ ಕೆಲಸಕ್ಕೂ 'ಇ-ಟ್ರಾನ್ಸ್‌ಮಿಟ್' ಕೊಟ್ಟು ಒಂದೊಂದು ಜಿಪ್ ಮಾಡಿ. ಎಕ್ಸ್‌ರೆಫ್, ಚಿತ್ರ ಅದರೊಳಗೆ ಸೇರುತ್ತವೆ, ಫಾಂಟ್ ಸೇರಲು ಸೆಟಪ್‌ನಲ್ಲಿ ಅದಕ್ಕೆ ಗುರುತು ಹಾಕಿ. ಇಲ್ಲಿ ಎಕ್ಸ್‌ರೆಫ್ ದಾರಿಯನ್ನು ರಿಲೇಟಿವ್ ಮಾಡಿಡಿ. 'ಡಿ ಡ್ರೈವ್' ಎಂದು ಪೂರ್ತಿ ದಾರಿ ಬರೆದಿದ್ದರೆ ಹೊಸ ಕಂಪ್ಯೂಟರ್‌ನಲ್ಲಿ ಅರ್ಧ ನಕ್ಷೆ ಮಾಯ.
6. ಡೈಮೆನ್ಷನ್, ಟೆಕ್ಸ್ಟ್ ಸ್ಟೈಲ್, ಲೇಯರ್ ಎಲ್ಲವೂ ಇರುವ ಒಂದು ಮುಗಿದ ಹಾಳೆಯನ್ನು 'ಮಾದರಿ' ಎಂದು ಹೆಸರಿಟ್ಟು ಇಡಿ. ಹೊಸದರ ಟೆಂಪ್ಲೇಟ್ ಇದರಿಂದಲೇ ಹುಟ್ಟಬೇಕು.

ಪಿಜಿಪಿ ಫೈಲಿನ ಹೆಸರು ಸಾಫ್ಟ್‌ವೇರ್‌ಗೆ ತಕ್ಕಂತೆ ಬೇರೆ, ಆದರೆ ಒಳಗಿನ ಬರಹದ ರೀತಿ ಹೆಚ್ಚಾಗಿ ಒಂದೇ. ಇಡೀ ಫೈಲನ್ನು ಹೊಸದರ ಮೇಲೆ ಹಾಕಬೇಡಿ, ನಿಮ್ಮ ಸಾಲುಗಳನ್ನಷ್ಟೇ ಕೊನೆಗೆ ಅಂಟಿಸಿ.

ಕನ್ನಡ ಅಕ್ಷರಗಳು ಗೀಚಾಗಿ ಅಥವಾ ಪ್ರಶ್ನಾರ್ಥಕ ಚಿಹ್ನೆಯಾಗಿ ಕಾಣುತ್ತವೆ. ಏಕೆ?

ಕಾರಣ ಮೂರು, ಮದ್ದೂ ಮೂರು ಬಗೆ.

ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ ಕಂಡರೆ ಅದು 'ನುಡಿ' ಅಥವಾ 'ಬರಹ' ಎಂಬ ಕನ್ನಡ ಟೈಪಿಂಗ್ ತಂತ್ರಾಂಶಗಳ ಹಳೆಯ, ಯೂನಿಕೋಡ್ ಅಲ್ಲದ ಬರವಣಿಗೆ. ಆ ಫಾಂಟ್ ಈ ಕಂಪ್ಯೂಟರ್‌ನಲ್ಲಿಲ್ಲ, ಅಷ್ಟೆ. ಅದೇ ಫಾಂಟ್ ಹಾಕಿದರೆ ತಕ್ಷಣ ಸರಿಯಾಗುತ್ತದೆ. ಆದರೆ ನಕ್ಷೆ ಹೋದಲ್ಲೆಲ್ಲ ಆ ಫಾಂಟ್ ಇರುವುದಿಲ್ಲವಾದ್ದರಿಂದ ಟೈಟಲ್ ಬ್ಲಾಕ್, ಷರಾ, ಸ್ಟ್ಯಾಂಡರ್ಡ್ ಟಿಪ್ಪಣಿಗಳನ್ನಾದರೂ ಯೂನಿಕೋಡ್‌ಗೆ ತಂದುಬಿಡಿ. ನುಡಿ, ಬರಹ ಎರಡರಲ್ಲೂ ಪರಿವರ್ತಕ ಇದೆ: ನಕ್ಷೆಯಲ್ಲಿನ ಅಕ್ಷರಗಳನ್ನು ನಕಲಿಸಿ, ಬದಲಿಸಿ, ಎಂಟೆಕ್ಸ್ಟ್ (ಹಲವು ಸಾಲಿನ ಟೆಕ್ಸ್ಟ್) ಆಗಿ ಮರಳಿ ಅಂಟಿಸಿ.

ಪ್ರಶ್ನಾರ್ಥಕ ಚಿಹ್ನೆ ಅಥವಾ ಖಾಲಿ ಚೌಕ ಕಂಡರೆ ಬರಹ ಯೂನಿಕೋಡ್‌ನಲ್ಲೇ ಇದೆ, ಆದರೆ ಟೆಕ್ಸ್ಟ್ ಸ್ಟೈಲಿಗೆ ಕ್ಯಾಡ್‌ನದೇ ಆದ ಎಸ್‌ಎಚ್‌ಎಕ್ಸ್ ಫಾಂಟ್ ಕೊಟ್ಟಿದ್ದಾರೆ. ರೋಮನ್ಸ್, ಸಿಂಪ್ಲೆಕ್ಸ್ ಮುಂತಾದವುಗಳಲ್ಲಿ ಕನ್ನಡವೇ ಇಲ್ಲ. ಕನ್ನಡಕ್ಕೆಂದೇ ಒಂದು ಬೇರೆ ಟೆಕ್ಸ್ಟ್ ಸ್ಟೈಲ್ ಮಾಡಿ, ವಿಂಡೋಸ್ ಜೊತೆ ಬರುವ ನಿರ್ಮಲಾ ಯುಐ ಕೊಡಿ.

ಅಕ್ಷರ ಬಂದಿದೆ, ಆದರೆ ಒತ್ತಕ್ಷರ ಬಿಡಿಬಿಡಿಯಾಗಿದೆ ಅಂದರೆ ಅದು ಆ ಸಾಫ್ಟ್‌ವೇರ್‌ನ ಅಕ್ಷರ ಜೋಡಿಸುವ ಶಕ್ತಿಯ ಕೊರತೆ. 'ವಿಸ್ತೀರ್ಣ', 'ಕ್ಷೇತ್ರ', 'ರಾಷ್ಟ್ರೀಯ ಹೆದ್ದಾರಿ' ಈ ಮೂರನ್ನು ಸಿಂಗಲ್ ಲೈನ್ ಟೆಕ್ಸ್ಟ್‌ನಲ್ಲಿ ಒಮ್ಮೆ, ಎಂಟೆಕ್ಸ್ಟ್‌ನಲ್ಲಿ ಒಮ್ಮೆ ಬರೆದು ನೋಡಿ, ಪಿಡಿಎಫ್‌ನಲ್ಲೂ ನೋಡಿ. ತೆರೆಯ ಮೇಲೆ ಸರಿಯಿದ್ದು ಪಿಡಿಎಫ್‌ನಲ್ಲಿ ಕೆಡುವುದುಂಟು. ಆಗ ಪಿಡಿಎಫ್ ಪ್ಲಾಟರ್‌ನ ಆಯ್ಕೆಗಳಲ್ಲಿ ಅಕ್ಷರಗಳನ್ನು ಗೆರೆಗಳಾಗಿ ಬದಲಿಸು ಎಂಬುದನ್ನು ಆರಿಸಿ. ಫೈಲ್ ಸ್ವಲ್ಪ ದೊಡ್ಡದಾಗುತ್ತದೆ, ಅಕ್ಷರ ಹುಡುಕಲು ಬಾರದು, ಆದರೆ ಎಲ್ಲಿ ಪ್ರಿಂಟ್ ಹಾಕಿದರೂ ಒಂದೇ ಥರ ಬರುತ್ತದೆ.

ಇಂಗ್ಲಿಷ್ ಎಸ್‌ಎಚ್‌ಎಕ್ಸ್ ಫಾಂಟ್ ಸಿಗದಿದ್ದರೆ ಸಾಫ್ಟ್‌ವೇರ್ ತನಗೆ ತೋಚಿದ್ದನ್ನು ಹಾಕುತ್ತದೆ, ಅಕ್ಷರದ ಅಗಲ ಬದಲಾಗಿ ಟೇಬಲ್‌ನಿಂದ ಹೊರಗೆ ಚಾಚುತ್ತದೆ. ಫಾಂಟ್ ಮ್ಯಾಪ್ ಫೈಲಿನಲ್ಲಿ ಯಾವುದರ ಬದಲು ಯಾವುದು ಎಂದು ಒಂದು ಸಾಲು ಬರೆದಿಟ್ಟರೆ ಎಲ್ಲ ಫೈಲಿಗೂ ಅನ್ವಯವಾಗುತ್ತದೆ.

ಪ್ರಿಂಟ್‌ನಲ್ಲಿ ಗೆರೆಗಳ ದಪ್ಪ ಬದಲಾಯಿತು. ಕೆಲವು ಗೆರೆಗಳು ಬಣ್ಣದಲ್ಲೇ ಬಂದವು.

ಸಿಟಿಬಿ ಫೈಲ್ ಕೆಲಸ ಮಾಡುವುದು 1ರಿಂದ 255ರವರೆಗಿನ ಬಣ್ಣದ ಸಂಖ್ಯೆಗಳ ಮೇಲೆ ಮಾತ್ರ. ಯಾರೋ ಟ್ರೂ ಕಲರ್ ಆರಿಸಿ ಬಣ್ಣ ಹಾಕಿದ್ದರೆ ಸಿಟಿಬಿ ಅದನ್ನು ಮುಟ್ಟುವುದಿಲ್ಲ. ಕಪ್ಪು ಬಿಳಿಯ ಹಾಳೆಯಲ್ಲಿ ಒಂದು ಹಸಿರು ಗಿಡ ಉಳಿಯುವುದು ಇದರಿಂದ. ಅಂಥವನ್ನು ಆರಿಸಿ ಬಣ್ಣವನ್ನು 'ಬೈಲೇಯರ್' ಮಾಡಿ.

ಎಲ್ಲ ಗೆರೆಯೂ ತೆಳುವಾಗಿದ್ದರೆ ಸಿಟಿಬಿ ಫೈಲ್ ಹೊಸ ಸಾಫ್ಟ್‌ವೇರ್‌ನ ಫೋಲ್ಡರ್‌ನಲ್ಲಿ ಇಲ್ಲ ಎಂದರ್ಥ. ಲೇಔಟ್‌ನ ಪೇಜ್ ಸೆಟಪ್‌ನಲ್ಲಿ ಹೆಸರು ಇರುತ್ತದೆ, ಫೈಲ್ ಇರುವುದಿಲ್ಲ. ಬಹಳ ಸಾಫ್ಟ್‌ವೇರ್‌ಗಳು ಇದನ್ನು ಹೇಳದೆಯೇ ಮುಂದುವರಿಯುತ್ತವೆ. ಪ್ಲಾಟರ್‌ನ ಸೆಟ್ಟಿಂಗ್ ಇರುವ ಪಿಸಿ3 ಫೈಲ್ ಮಾತ್ರ ಹಳೆಯದರಿಂದ ತರಬೇಡಿ. ಹೊಸದರಲ್ಲೇ ಪಿಡಿಎಫ್ ಪ್ಲಾಟರ್ ಆರಿಸಿ, ಎ1 ಅಂದರೆ 841 × 594, ಎ2 ಅಂದರೆ 594 × 420, ಎ3 ಅಂದರೆ 420 × 297 ಮಿ.ಮೀ. ಎಂದು ಪೇಜ್ ಸೆಟಪ್ ಮಾಡಿ ಟೆಂಪ್ಲೇಟಿನಲ್ಲಿ ಉಳಿಸಿ.

ಎ1 ಹಾಳೆಯ ಪ್ರಿಂಟ್‌ಗೆ ಮಡಿಕೇರಿ, ಕುಶಾಲನಗರ ಅಥವಾ ಮೈಸೂರಿನ ಅಂಗಡಿಗೆ ಕಳಿಸುವಾಗ ಡಿಡಬ್ಲ್ಯುಜಿ ಕೊಡಬೇಡಿ, ಪಿಡಿಎಫ್ ಕೊಡಿ. 'ಫಿಟ್ ಟು ಪೇಜ್' ಬೇಡ, ನೂರಕ್ಕೆ ನೂರು ಅಳತೆ ಎಂದು ಬರೆದು ಹೇಳಿ. ಹಾಳೆಯ ಮೂಲೆಯಲ್ಲಿ 100 ಮಿ.ಮೀ. ಉದ್ದದ ಒಂದು ಗೆರೆ ಇಟ್ಟಿದ್ದರೆ ಸ್ಕೇಲ್ ಹಿಡಿದು ನೋಡಬಹುದು.

ಚುಕ್ಕಿಗೆರೆ ಗಟ್ಟಿಗೆರೆಯಾಗಿದೆ, ಹೆಂಚಿನ ಹ್ಯಾಚ್ ಕಪ್ಪು ಮುದ್ದೆಯಾಗಿದೆ.

ಎರಡಕ್ಕೂ ಸಾಮಾನ್ಯವಾಗಿ ಒಂದೇ ಕಾರಣ: ಇಂಚಿನ ವ್ಯವಸ್ಥೆಯ ಲೈನ್‌ಟೈಪ್, ಹ್ಯಾಚ್ ಫೈಲ್‌ಗಳಿಗೂ ಮಿಲಿಮೀಟರ್‌ನವುಗಳಿಗೂ 25.4 ಪಟ್ಟು ವ್ಯತ್ಯಾಸ. 'ಮೆಷರ್‌ಮೆಂಟ್' ಎಂದು ಟೈಪಿಸಿ ನೋಡಿ; 0 ಅಂದರೆ ಇಂಚು, 1 ಅಂದರೆ ಮೆಟ್ರಿಕ್. ಹಳೆಯ ಟೆಂಪ್ಲೇಟ್‌ನಲ್ಲಿದ್ದುದನ್ನೇ ಹೊಸದರಲ್ಲೂ ಇಡಿ. ಚುಕ್ಕಿಗೆರೆಯ ಅಳತೆ ತೀರ್ಮಾನಿಸುವ 'ಎಲ್‌ಟಿಸ್ಕೇಲ್', 'ಪಿಎಸ್‌ಎಲ್‌ಟಿಸ್ಕೇಲ್' ಬೆಲೆಗಳನ್ನೂ ತಾಳೆ ನೋಡಿ. ಸೂರಿನ ಹೆಂಚಿಗೆ ನೀವೇ ಮಾಡಿಸಿದ ಹ್ಯಾಚ್ ಇದ್ದರೆ ಅದರ ಪ್ಯಾಟ್ ಫೈಲ್ ಹೊಸ ಸಾಫ್ಟ್‌ವೇರ್‌ನ ಸಪೋರ್ಟ್ ಫೋಲ್ಡರ್‌ನಲ್ಲಿರಬೇಕು. ಇಲ್ಲದಿದ್ದರೂ ಹಳೆಯ ಹ್ಯಾಚ್ ಕಾಣುತ್ತದೆ, ಹೊಸದಾಗಿ ಹಾಕಲು ಬಾರದು.

ಸರ್ವೆಯವರ ಫೈಲ್ ತೆರೆದರೆ ಕಾಂಟೂರ್ ಇಲ್ಲ, ಅಥವಾ ಕಾಣುತ್ತದೆ ಆದರೆ ಮುಟ್ಟಲು ಬಾರದು.

ಅವರು ಆಟೋಡೆಸ್ಕ್‌ನ ಸರ್ವೆ-ರಸ್ತೆ ಸಾಫ್ಟ್‌ವೇರ್ ಆದ ಸಿವಿಲ್ 3ಡಿಯಲ್ಲಿ ಮಾಡಿದ್ದಾರೆ. ಅಲ್ಲಿ ಕಾಂಟೂರ್ ಎಂಬುದು ಗೆರೆಯಲ್ಲ, ಸರ್ಫೇಸ್ ಎಂಬ ವಸ್ತುವಿನ ನೋಟ. ಬೇರೆ ಸಾಫ್ಟ್‌ವೇರ್‌ಗೆ ಅದು ಪ್ರಾಕ್ಸಿಯಾಗಿ, ಅಂದರೆ ತಿದ್ದಲಾಗದ ಚಿತ್ರವಾಗಿ ಮಾತ್ರ ದಕ್ಕುತ್ತದೆ. ಸರ್ವೆಯವರಿಗೆ ಫೋನ್ ಮಾಡಿ, 'ಎಕ್ಸ್‌ಪೋರ್ಟ್ ಟು ಆಟೋಕ್ಯಾಡ್' ಕಮಾಂಡ್ ಕೊಟ್ಟು ಬಂದ ಫೈಲನ್ನು 2013ರ ಸ್ವರೂಪದಲ್ಲಿ ಕಳಿಸಿ ಎನ್ನಿ. ಸರ್ಫೇಸೇ ಬೇಕಿದ್ದರೆ ಲ್ಯಾಂಡ್‌ಎಕ್ಸ್‌ಎಂಎಲ್ ಫೈಲ್ ಕೇಳಿ. ಬ್ರಿಕ್ಸ್‌ಕ್ಯಾಡ್ ಪ್ರೊನಂಥ ಕೆಲವಕ್ಕೆ ಅದನ್ನು ಓದಿ ಟಿನ್ (ತ್ರಿಕೋನಗಳ ಜಾಲದ) ಸರ್ಫೇಸ್ ಕಟ್ಟಲು ಬರುತ್ತದೆ. ಜೊತೆಗೆ ಟೋಟಲ್ ಸ್ಟೇಷನ್ ಎಂಬ ಸರ್ವೆ ಯಂತ್ರದ ಪಾಯಿಂಟ್ ಪಟ್ಟಿಯನ್ನೂ ಸಿಎಸ್‌ವಿಯಾಗಿ ಪಡೆದಿಡಿ. ಯಾವ ಸಾಫ್ಟ್‌ವೇರ್ ಹೋದರೂ ಬಂದರೂ ಆ ಪಟ್ಟಿಗೆ ಸಾವಿಲ್ಲ.

ಫೈಲ್ ಬಂದ ಮೇಲೆ ಒಂದು ಕಾಂಟೂರ್ ಒತ್ತಿ ಪ್ರಾಪರ್ಟಿಯಲ್ಲಿ ಎಲಿವೇಷನ್ ನೋಡಿ. ಮಡಿಕೇರಿ ಸುತ್ತಿನ ಜಾಗಕ್ಕೆ ಸಮುದ್ರಮಟ್ಟದ ಲೆಕ್ಕದಲ್ಲಿ 1,100 ಮೀಟರ್ ಆಚೀಚೆಯ ಸಂಖ್ಯೆ ಇರಬೇಕು. ಸರ್ವೆಯವರು ತಾವೇ ಒಂದು ಬೆಂಚ್‌ಮಾರ್ಕ್‌ಗೆ 100 ಎಂದು ಇಟ್ಟುಕೊಂಡಿದ್ದರೆ ಅದರ ಆಸುಪಾಸು. ಸೊನ್ನೆ ಇದ್ದರೆ ಯಾರೋ ಚಪ್ಪಟೆ ಮಾಡಿದ್ದಾರೆ. ನೋಡಲು ನಕ್ಷೆ ಸುಂದರವಾಗಿಯೇ ಇರುತ್ತದೆ, ಆದರೆ ಅದರಿಂದ ತೆಗೆದ ಕಟಿಂಗ್-ಫಿಲ್ಲಿಂಗ್ ಲೆಕ್ಕ, ಇಳಿಜಾರಿನ ಶೇಕಡಾ, ತಡೆಗೋಡೆಯ ಎತ್ತರ ಯಾವುದಕ್ಕೂ ಅರ್ಥವಿಲ್ಲ. 2018ರ ಆಗಸ್ಟ್‌ನ ಭೂಕುಸಿತಗಳ ನಂತರ ಈ ಜಿಲ್ಲೆಯಲ್ಲಿ ಇಳಿಜಾರಿನ ಲೆಕ್ಕ ಹಗುರವಾಗಿ ತೆಗೆದುಕೊಳ್ಳುವಂಥದ್ದಲ್ಲ. ಹೊಸ ಸಾಫ್ಟ್‌ವೇರ್‌ನಲ್ಲಿ ಉಳಿಸಿ ಮತ್ತೆ ತೆರೆದ ಮೇಲೆಯೂ ಅದೇ ಕಾಂಟೂರ್‌ನ ಎಲಿವೇಷನ್ ಇನ್ನೊಮ್ಮೆ ನೋಡಿ.

ಸರ್ವೆ ನಕ್ಷೆಯ ಮೇಲೆ ಮನೆ ಪ್ಲಾನ್ ಕೂರಿಸಿದರೆ ಜಾಗ ತಪ್ಪುತ್ತದೆ, ಅಥವಾ ಝೂಮ್ ಮಾಡಿದರೆ ಗೆರೆ ನಡುಗುತ್ತದೆ.

ಭೂಮಿಯ ಮೇಲಿನ ಜಾಗವನ್ನು ಮೀಟರ್‌ನಲ್ಲಿ ಹೇಳುವ ಯುಟಿಎಂ ಪದ್ಧತಿಯಲ್ಲಿ ಕೊಡಗು 43 ಉತ್ತರ ವಲಯದಲ್ಲಿದೆ. ಮಡಿಕೇರಿಯ ಹತ್ತಿರದ ಜಾಗಕ್ಕೆ ಪೂರ್ವ ಸುಮಾರು 5,80,000, ಉತ್ತರ ಸುಮಾರು 13,73,000 ಮೀಟರ್ ಬರುತ್ತದೆ. ಇದನ್ನೇ ಮಿಲಿಮೀಟರ್‌ಗೆ ತಂದರೆ ಹತ್ತು ಅಂಕಿಯ ಸಂಖ್ಯೆ. ಫೈಲಿನ ಒಳಗಿನ ಲೆಕ್ಕ ಅದನ್ನು ತಡೆದುಕೊಳ್ಳುತ್ತದೆ. ತೆರೆಗೆ ಚಿತ್ರ ಬಿಡಿಸುವ ಭಾಗ ಎಲ್ಲ ಸಾಫ್ಟ್‌ವೇರ್‌ನಲ್ಲೂ ತಡೆಯುವುದಿಲ್ಲ. ಆಗಲೇ ಗೆರೆ ನಡುಗುವುದು, ಹ್ಯಾಚ್ ಬೀಳದಿರುವುದು, ಆಫ್‌ಸೆಟ್ ವಿಚಿತ್ರವಾಗುವುದು. ಹಳೆಯದರಲ್ಲಿ ಸರಿಯಿತ್ತು, ಹೊಸದು ಸರಿಯಿಲ್ಲ ಎಂದು ದೂರುವ ಮುನ್ನ ಇದನ್ನು ನೋಡಿ.

ಕ್ರಮ ಹೀಗಿರಲಿ. ಸರ್ವೆ ಫೈಲ್ ಮೀಟರ್‌ನಲ್ಲಿ, ತನ್ನ ನಿಜವಾದ ಕೋಆರ್ಡಿನೇಟ್‌ನಲ್ಲೇ ಇರಲಿ. ಮನೆ ಪ್ಲಾನ್ ಮಿಲಿಮೀಟರ್‌ನಲ್ಲಿ, ಸೊನ್ನೆ ಸೊನ್ನೆಯ ಹತ್ತಿರ ಬೇರೆ ಫೈಲ್ ಆಗಿರಲಿ. ಸೈಟ್ ಪ್ಲಾನ್ ಬೇಕಾದಾಗ ಮನೆಯನ್ನು ಸರ್ವೆ ಫೈಲಿಗೆ ಎಕ್ಸ್‌ರೆಫ್ ಮಾಡಿ, ಸ್ಕೇಲ್ 0.001. ಸರ್ವೆಯನ್ನೇ ಸೊನ್ನೆಗೆ ಸರಿಸಬೇಕಾಗಿ ಬಂದರೆ 580000,1373000 ಎಂಬಂಥ ದುಂಡು ಸಂಖ್ಯೆ ಕಳೆದು ಸರಿಸಿ, ಆ ಸಂಖ್ಯೆಯನ್ನು ಪ್ರಿಂಟ್ ಆಗದ ಲೇಯರ್‌ನಲ್ಲಿ ಬರೆದಿಡಿ.

ಜಾಗ ತಪ್ಪುವುದಕ್ಕೆ ಯೂನಿಟ್ ಕಾರಣ. ಅಳತೆ ಎಷ್ಟು ಪಟ್ಟು ತಪ್ಪಿದೆ ಎಂಬುದೇ ಕಾರಣವನ್ನು ಹೇಳುತ್ತದೆ: 25.4 ಪಟ್ಟಾದರೆ ಇಂಚು ಮತ್ತು ಮಿಲಿಮೀಟರ್, 304.8 ಆದರೆ ಅಡಿ ಮತ್ತು ಮಿಲಿಮೀಟರ್, 1000 ಆದರೆ ಮೀಟರ್ ಮತ್ತು ಮಿಲಿಮೀಟರ್. ಎರಡೂ ಫೈಲಿನಲ್ಲಿ 'ಯೂನಿಟ್ಸ್' ತೆರೆದು ಇನ್ಸರ್ಷನ್ ಸ್ಕೇಲ್ ನೋಡಿ. ಕೆಲವು ಟೆಂಪ್ಲೇಟ್‌ಗಳಲ್ಲಿ ಅದು 'ಯೂನಿಟ್‌ಲೆಸ್' ಇರುತ್ತದೆ, ಆಗ ಸಾಫ್ಟ್‌ವೇರ್ ತನ್ನ ಊಹೆಯ ಮೇಲೆ ನಡೆಯುತ್ತದೆ, ಮತ್ತು ಎರಡು ಸಾಫ್ಟ್‌ವೇರ್‌ಗಳ ಊಹೆ ಒಂದೇ ಇರಬೇಕೆಂದಿಲ್ಲ.

ಎರಡೂವರೆ ಮೀಟರ್‌ಗಿಂತ ಸ್ವಲ್ಪ ಹೆಚ್ಚು ಮಾತ್ರ ತಪ್ಪಿದ್ದರೆ? ಯೂನಿಟ್ಸ್ ಪಟ್ಟಿಯಲ್ಲಿ 'ಯುಎಸ್ ಸರ್ವೆ ಫೀಟ್' ಎಂಬುದೊಂದಿದೆ. ಸರ್ವೆ ಎಂಬ ಹೆಸರು ಕಂಡು ಅದನ್ನು ಆರಿಸುವವರಿದ್ದಾರೆ. ಅದಕ್ಕೂ ಸಾಮಾನ್ಯ ಅಡಿಗೂ ಹತ್ತು ಲಕ್ಷಕ್ಕೆ ಎರಡರಷ್ಟೇ ವ್ಯತ್ಯಾಸ. ಮನೆಯ ಅಳತೆಯಲ್ಲಿ ಕಾಣುವುದೇ ಇಲ್ಲ, ಆದರೆ 13,73,000 ಮೀಟರ್ ಉತ್ತರಕ್ಕೆ ಅದು ಸುಮಾರು 2.75 ಮೀಟರ್ ಆಗುತ್ತದೆ, ಪೂರ್ವಕ್ಕೆ ಒಂದು ಮೀಟರ್ ಚಿಲ್ಲರೆ. ನಮಗೆ ಆ ಯೂನಿಟ್ ಯಾವತ್ತೂ ಬೇಡ.

ವಿಸ್ತೀರ್ಣವನ್ನು ಸೆಂಟ್‌ನಲ್ಲಿ ತೋರಿಸುವ ಫೀಲ್ಡ್ ಕೆಲಸ ಮಾಡುತ್ತಿಲ್ಲ.

ಅಳತೆ ಬದಲಾದಂತೆ ತಾನೇ ಬದಲಾಗಬೇಕಾದ ಫೀಲ್ಡ್‌ಗಳನ್ನು ಕೆಲವು ಸಾಫ್ಟ್‌ವೇರ್ ಹಳೆಯ ಬೆಲೆಯ ಬರೀ ಅಕ್ಷರವಾಗಿ ತೋರಿಸುತ್ತವೆ. ಇದು ಅಪಾಯ: ಗಡಿಯನ್ನು ತಿದ್ದಿದರೂ ಸಂಖ್ಯೆ ಬದಲಾಗುವುದಿಲ್ಲ. ಜಮ್ಮಾ ಅಥವಾ ಬಾಣೆ (ಕೊಡಗಿನ ಪಾರಂಪರಿಕ ಹಿಡುವಳಿ) ಜಾಗದ ಪಾಲು ನಕ್ಷೆಯಲ್ಲಿ ಹೀಗಾದರೆ ಜಗಳಕ್ಕೆ ದಾರಿ. ಪರೀಕ್ಷೆ ಸುಲಭ: 66 ಅಡಿಗೆ 66 ಅಡಿಯ ಚೌಕ ಎಳೆಯಿರಿ, ಅಂದರೆ ಒಂದು ಚೈನ್ ಚೌಕ. 4,356 ಚದರ ಅಡಿ, ಸರಿಯಾಗಿ 10 ಸೆಂಟ್. ಮೀಟರ್‌ನಲ್ಲಾದರೆ ಬದಿ 20.1168. ಫೀಲ್ಡ್ ಹಾಕಿ, ನಂತರ ಚೌಕವನ್ನು ಎಳೆದು ಹಿಗ್ಗಿಸಿ, 'ರೀಜೆನ್' ಕೊಡಿ. ಸಂಖ್ಯೆ ಬದಲಾಗಬೇಕು.

ಫೀಲ್ಡ್‌ಗೆ ಕೊಡುವ ಗುಣಕ: ನಕ್ಷೆ ಮೀಟರ್‌ನಲ್ಲಿದ್ದರೆ 0.0247105, ಅಡಿಯಲ್ಲಿದ್ದರೆ 0.00229568. ಗುಂಟೆ ಬೇಕಿದ್ದರೆ ಸೆಂಟನ್ನು 2.5ರಿಂದ ಭಾಗಿಸಿ.

ನಮ್ಮ ಲಿಸ್ಪ್ ಪ್ರೋಗ್ರಾಂಗಳು ಓಡುತ್ತವೆಯೇ?

ಎಲ್‌ಎಸ್‌ಪಿ ಎಂಬ ಮೂಲ ಫೈಲ್ ಇದ್ದರೆ ಬಹುಪಾಲು ಓಡುತ್ತವೆ. ಎಫ್‌ಎಎಸ್, ವಿಎಲ್‌ಎಕ್ಸ್ ಎಂದು ಕಂಪೈಲ್ ಆದವು ಹೆಚ್ಚಾಗಿ ಆಟೋಕ್ಯಾಡ್‌ನಲ್ಲಿ ಮಾತ್ರ ಓಡುತ್ತವೆ. ಬರೆದವರನ್ನು ಹುಡುಕಿ ಮೂಲ ಪಡೆಯಬೇಕು. ಎಆರ್‌ಎಕ್ಸ್, ಡಾಟ್‌ನೆಟ್‌ನವು ಆ ಸಾಫ್ಟ್‌ವೇರ್‌ಗೆಂದೇ ಮತ್ತೆ ಕಂಪೈಲ್ ಆಗಬೇಕು.

ಮೂಲ ಇದ್ದೂ ನಿಲ್ಲುವುದು ಎರಡು ಕಡೆ. ಒಂದು, ಪ್ರೋಗ್ರಾಂ ಒಳಗಿನಿಂದ ಕಮಾಂಡ್ ಕರೆದಾಗ. ಲೇಯರ್, ಹ್ಯಾಚ್, ಇನ್ಸರ್ಟ್ ಕಮಾಂಡ್‌ಗಳು ಕೇಳುವ ಪ್ರಶ್ನೆಗಳ ಸರದಿ ಎಲ್ಲ ಸಾಫ್ಟ್‌ವೇರ್‌ನಲ್ಲೂ ಒಂದೇ ಅಲ್ಲ. ಒಂದು ಉತ್ತರ ಹೆಚ್ಚು ಕಡಿಮೆಯಾದರೆ ಮುಂದಿನದೆಲ್ಲ ಎಡವಟ್ಟು. ಕಮಾಂಡನ್ನು ಕೈಯಲ್ಲಿ ಟೈಪಿಸಿ ಪ್ರಶ್ನೆಗಳನ್ನು ಬರೆದುಕೊಂಡು, ಅದರಂತೆ ತಿದ್ದಿ. ಇನ್ನೊಂದು, 'ಸಿ ಡ್ರೈವ್'ನ ಯಾವುದೋ ಫೋಲ್ಡರ್ ಹೆಸರು ನೇರವಾಗಿ ಬರೆದಿಟ್ಟಿದ್ದಾಗ. ಪ್ರೋಗ್ರಾಂ ಹಾಕುವ ಬಾಗಿಲು ತಪ್ಪಾದ ಜಾಗಕ್ಕೆ ಅಂಟಿಕೊಂಡರೆ ಮಾತ್ರ ಅದು ಹತ್ತಿರದ ಬಿಂದುವಿಗೆ ಎಳೆಯುವ ಸ್ನ್ಯಾಪ್‌ನ ಕೆಲಸ: ಪ್ರೋಗ್ರಾಂ ಶುರುವಿನಲ್ಲಿ 'ಆಸ್ಮೋಡ್' ಸೊನ್ನೆ ಮಾಡಿ, ಕೊನೆಗೆ ಮರಳಿ ಹಾಕಬೇಕು.

ಡೈನಾಮಿಕ್ ಬ್ಲಾಕ್‌ಗಳು?

ಎಳೆದು ಅಳತೆ ಬದಲಿಸಬಹುದಾದ ಈ ಬ್ಲಾಕ್‌ಗಳಲ್ಲಿ ಹಳೆಯವು ಕಾಣುತ್ತವೆ, ಎಷ್ಟೋ ಕಡೆ ಅಗಲ ಬದಲಿಸುವುದೂ ಆಗುತ್ತದೆ. ಹೊಸದಾಗಿ ಕಟ್ಟುವುದು, ಒಳಗೆ ಹೋಗಿ ತಿದ್ದುವುದು ಸಾಫ್ಟ್‌ವೇರ್‌ಗೆ ತಕ್ಕಂತೆ ಬೇರೆ. ನಿಮ್ಮ ಬಾಗಿಲು-ಕಿಟಕಿ ಬ್ಲಾಕ್ ಒಂದನ್ನು ಹಾಕಿ ಎಲ್ಲ ಹಿಡಿಕೆಗಳನ್ನೂ ಎಳೆದು ನೋಡಿ. ಆಗದಿದ್ದರೆ 750, 900, 1000, 1200 ಮಿ.ಮೀ. ಎಂದು ಸಾದಾ ಬ್ಲಾಕ್‌ಗಳ ಲೈಬ್ರರಿ ಮಾಡಿಕೊಳ್ಳಿ. ಒಂದು ಮಧ್ಯಾಹ್ನದ ಕೆಲಸ, ಎಲ್ಲಿಗೆ ಹೋದರೂ ಬರುತ್ತದೆ.

ಉಚಿತ ಸಾಫ್ಟ್‌ವೇರ್‌ನಲ್ಲೇ ಕಚೇರಿ ನಡೆಸಬಹುದೇ?

ಒಬ್ಬರೇ ಕೆಲಸ ಮಾಡುವವರು, ಹೊರಗೆ ಪಿಡಿಎಫ್ ಮಾತ್ರ ಕೊಡುವವರು ನಡೆಸಬಹುದು. ಲಿಬ್ರೆಕ್ಯಾಡ್ 2ಡಿಗೆ ಮಾತ್ರ, ಉಳಿಸುವುದು ಡಿಎಕ್ಸ್‌ಎಫ್ ಎಂಬ ವಿನಿಮಯ ಸ್ವರೂಪದಲ್ಲಿ. ಆಟೋಕ್ಯಾಡ್‌ನ ಹಾಗೆ ಹಲವು ಲೇಔಟ್, ವ್ಯೂಪೋರ್ಟ್ ಇಟ್ಟು ಕೆಲಸ ಮಾಡಲು ಆಗದು. ಕ್ಯೂಕ್ಯಾಡ್‌ನ ಉಚಿತ ಆವೃತ್ತಿಯೂ ಡಿಎಕ್ಸ್‌ಎಫ್‌ಗೇ ಸೀಮಿತ, ಡಿಡಬ್ಲ್ಯುಜಿ ಬೇಕಿದ್ದರೆ ಪ್ರೊಫೆಷನಲ್ ಕೊಳ್ಳಬೇಕು. ಫ್ರೀಕ್ಯಾಡ್‌ನ 1.0 ಆವೃತ್ತಿ 2024ರ ನವೆಂಬರ್‌ನಲ್ಲಿ ಬಂತು. 3ಡಿ ಭಾಗಗಳಿಗೆ ಚೆನ್ನ, ಅನುಮೋದನೆಯ ಹಾಳೆಗಳನ್ನು ಬೇಗ ಬೇಗ ಹೊರಡಿಸುವುದಕ್ಕೆ ಅಲ್ಲ.

ಡಿಎಕ್ಸ್‌ಎಫ್ ಕೊಡುವಾಗ ಆರ್12 ಎಂಬ ಹಳೆಯ ಆವೃತ್ತಿ ಆರಿಸಬೇಡಿ. ಲೇಔಟ್ ಹೋಗುತ್ತದೆ, ಎಂಟೆಕ್ಸ್ಟ್ ತುಂಡಾಗುತ್ತದೆ, ಹ್ಯಾಚ್ ಬರೀ ಗೆರೆಗಳ ರಾಶಿಯಾಗುತ್ತದೆ. 2007ರ ಡಿಎಕ್ಸ್‌ಎಫ್ ಎಲ್ಲರಿಗೂ ಆಗುತ್ತದೆ.

ಕಂಪನಿಯೊಂದು ಉಚಿತವಾಗಿ ಕೊಟ್ಟದ್ದು ಸದಾ ಉಚಿತವಾಗಿರುತ್ತದೆಂದು ನಂಬಿ ಕೂರಬೇಡಿ. ಡ್ರಾಫ್ಟ್‌ಸೈಟ್‌ನ ಉಚಿತ ಆವೃತ್ತಿ 2019ರ ಕೊನೆಗೆ ನಿಂತುಹೋಯಿತು. ಮುಕ್ತ ತಂತ್ರಾಂಶಗಳಿಗೆ ಈ ಭಯವಿಲ್ಲ.

ಕಾಲೇಜಿನಲ್ಲಿ ಸಿಕ್ಕ ವಿದ್ಯಾರ್ಥಿ ಲೈಸೆನ್ಸ್‌ನಲ್ಲಿ ಕಚೇರಿ ಕೆಲಸ ಮಾಡಬಹುದೇ?

ಇಲ್ಲ. ಪೊನ್ನಂಪೇಟೆ, ಕುಶಾಲನಗರದ ಎಂಜಿನಿಯರಿಂಗ್ ಕಾಲೇಜುಗಳಿಂದ ಬರುವ ಹುಡುಗರು, ಹುಡುಗಿಯರು ಲ್ಯಾಪ್‌ಟಾಪ್‌ನಲ್ಲಿ ಅದನ್ನು ತರುತ್ತಾರೆ. ಕಲಿಯಲು ಮಾತ್ರ ಅದು. ದುಡ್ಡು ಪಡೆದು ಕೊಡುವ ನಕ್ಷೆಗೆ ಬಳಸಿದರೆ ಷರತ್ತಿನ ಉಲ್ಲಂಘನೆ, ಹೊಣೆ ಕಚೇರಿಯದು. ಕ್ರ್ಯಾಕ್ ಮಾಡಿದ್ದರ ಬಗ್ಗೆ ಬೇರೆ ಹೇಳಬೇಕಿಲ್ಲ.

ಮಳೆಗಾಲದಲ್ಲಿ ಕರೆಂಟೂ ಇಲ್ಲ, ನೆಟ್ಟೂ ಇಲ್ಲ. ಲೈಸೆನ್ಸ್ ನಿಂತುಹೋಗುತ್ತದೆಯೇ?

ಆಟೋಡೆಸ್ಕ್ ಚಂದಾದಲ್ಲಿ 30 ದಿನಕ್ಕೊಮ್ಮೆಯಾದರೂ ಇಂಟರ್‌ನೆಟ್‌ಗೆ ಸೇರಿ ದೃಢಪಡಬೇಕು. ಮೊಬೈಲ್ ಹಾಟ್‌ಸ್ಪಾಟ್ ಸಾಕು. ಹೊಸದನ್ನು ಕೊಳ್ಳುವಾಗ ಎರಡು ಪ್ರಶ್ನೆ ಕೇಳಿ: ನೆಟ್ ಇಲ್ಲದೆ ಎಷ್ಟು ದಿನ ಓಡುತ್ತದೆ? ಕಂಪ್ಯೂಟರ್ ಸುಟ್ಟುಹೋದರೆ ಲೈಸೆನ್ಸನ್ನು ಇನ್ನೊಂದಕ್ಕೆ ಸಾಗಿಸುವುದು ಹೇಗೆ? ಸಿಡಿಲಿನ ಕಾಲದಲ್ಲಿ ಎರಡನೆಯದು ಬರೀ ಊಹೆಯಲ್ಲ. ಉತ್ತರವನ್ನು ಇಮೇಲ್‌ನಲ್ಲೇ ಪಡೆಯಿರಿ.

ಹೊಸ ಸಾಫ್ಟ್‌ವೇರ್‌ನಲ್ಲಿ ಆಟೋಸೇವ್ ಸಮಯವನ್ನು 'ಸೇವ್‌ಟೈಮ್' ಕೊಟ್ಟು 5 ನಿಮಿಷಕ್ಕೆ ಇಳಿಸಿ, ಬ್ಯಾಕಪ್ ಪ್ರತಿಯನ್ನು ಚಾಲೂ ಇಡಿ, ಆ ಫೈಲ್‌ಗಳು ಯಾವ ಫೋಲ್ಡರ್‌ಗೆ ಬೀಳುತ್ತವೆಂದು ಮೊದಲ ದಿನವೇ ನೋಡಿಟ್ಟುಕೊಳ್ಳಿ. ಗೂಗಲ್ ಡ್ರೈವ್, ಒನ್‌ಡ್ರೈವ್ ಫೋಲ್ಡರ್‌ನಲ್ಲಿ ನೇರ ಕೆಲಸ ಬೇಡ. ನೆಟ್ ಹೋಗಿ ಬಂದಾಗ ಒಂದೇ ಫೈಲಿನ ಎರಡು ಪ್ರತಿ ಹುಟ್ಟುತ್ತವೆ, ಯಾವುದು ಹೊಸದೆಂದು ಯಾರಿಗೂ ತಿಳಿಯದು. ಸ್ಥಳೀಯ ಡಿಸ್ಕ್‌ನಲ್ಲಿ ಕೆಲಸ ಮಾಡಿ, ಸಂಜೆ ನಕಲಿಸಿ.

ಆನ್‌ಲೈನ್ ಅನುಮೋದನೆಗೆ ಬೇರೆ ಸಾಫ್ಟ್‌ವೇರ್‌ನ ಫೈಲ್ ಒಪ್ಪುತ್ತಾರೆಯೇ?

ನಕ್ಷೆಯನ್ನು ಓದುವ ವ್ಯವಸ್ಥೆಗೆ ನೀವು ಯಾವುದರಲ್ಲಿ ಬರೆದಿರಿ ಎಂಬುದು ಮುಖ್ಯವಲ್ಲ, ಫೈಲಿನ ಒಳಗೇನಿದೆ ಎಂಬುದು ಮುಖ್ಯ. ಕೇಳಿದ ಆವೃತ್ತಿ, ಹೇಳಿದ ಹಾಗೆಯೇ ಲೇಯರ್ ಹೆಸರು, ಮುಚ್ಚಿದ ಪಾಲಿಲೈನ್, ಸರಿಯಾದ ಯೂನಿಟ್ ಇರಬೇಕು. ನಿವೇಶನದ ಗಡಿ ಕಣ್ಣಿಗೆ ಮುಚ್ಚಿದಂತೆ ಕಂಡರೂ ಪ್ರಾಪರ್ಟಿಯಲ್ಲಿ 'ಕ್ಲೋಸ್ಡ್: ನೋ' ಎಂದಿದ್ದರೆ ತಿರಸ್ಕೃತವಾಗಬಹುದು. ಒಂದು ಹಳೆಯ, ಈಗಾಗಲೇ ಅನುಮೋದನೆಯಾದ ನಕ್ಷೆಯನ್ನು ಹೊಸದರಲ್ಲಿ ತೆರೆದು ಉಳಿಸಿ, ಲೇಯರ್ ಪಟ್ಟಿಯನ್ನು ಮೊದಲಿನದರ ಜೊತೆ ಹೋಲಿಸಿ. ಮಡಿಕೇರಿ ನಗರಸಭೆಗೋ ಪಂಚಾಯಿತಿಗೋ ಕಾಗದದ ಪ್ರತಿ ಕೊಡುವ ಕೆಲಸಗಳಲ್ಲಿ ಈ ತಲೆನೋವು ಇಲ್ಲ.

ಬದಲಿಸಲು ಯಾವ ಸಮಯ ಒಳ್ಳೆಯದು? ಎಷ್ಟು ದಿನ ಬೇಕು?

ಕಕ್ಕಡದ (ಜುಲೈ-ಆಗಸ್ಟ್) ಮಳೆಯಲ್ಲಿ ಸೈಟ್ ಕೆಲಸ ನಿಂತಿರುವಾಗ. ಸೆಪ್ಟೆಂಬರ್‌ನ ಕೈಲ್‌ಪೊಳ್ದ್ ಹಬ್ಬ ಕಳೆದು ಮಳೆ ಇಳಿದರೆ ಎಲ್ಲರೂ ಒಟ್ಟಿಗೆ ನಕ್ಷೆ ಕೇಳುತ್ತಾರೆ, ಆಗ ಹೊಸದನ್ನು ಕಲಿಯುವುದು ಬೇಡ. ಹಳೆಯ ಚಂದಾ ಇನ್ನೆರಡು ತಿಂಗಳಾದರೂ ಉಳಿದಿರುವಾಗ ಶುರು ಮಾಡಿ. ಮೊದಲ ವಾರ ಟೆಂಪ್ಲೇಟ್, ಫಾಂಟ್, ಸಿಟಿಬಿ ಮಾತ್ರ. ನಂತರ ಹೊಸದಾಗಿ ಬಂದ ಕೆಲಸವನ್ನಷ್ಟೇ ಹೊಸದರಲ್ಲಿ ಮಾಡಿ. ಅರ್ಧಕ್ಕೆ ನಿಂತ ಕೆಲಸವನ್ನು ಹಳೆಯದರಲ್ಲೇ ಮುಗಿಸಿ. ಒಂದೇ ಫೈಲನ್ನು ಎರಡರಲ್ಲೂ ತಿದ್ದುತ್ತಾ ಇರುವುದೇ ಹೆಚ್ಚಿನ ಗೊಂದಲಗಳ ಮೂಲ. ಇಬ್ಬರಿರುವ ಕಚೇರಿಯಾದರೆ ಒಬ್ಬರು ಮೊದಲು ಹೋಗಲಿ, ಇನ್ನೊಬ್ಬರು ತಿಂಗಳು ತಡೆದು ಹೋಗಲಿ.

ಸರ್ವೆ, ರಸ್ತೆ ಕೆಲಸಕ್ಕೆ ಸಿವಿಲ್ 3ಡಿ ದಿನವೂ ಬೇಕಿರುವ ಕಚೇರಿ ಅದೊಂದು ಲೈಸೆನ್ಸ್ ಇಟ್ಟುಕೊಂಡು ಉಳಿದ ಕಂಪ್ಯೂಟರ್‌ಗಳನ್ನು ಮಾತ್ರ ಬದಲಿಸುವುದು ಲೇಸು.

ಹಳೆಯ ಸಾವಿರಾರು ಫೈಲ್‌ಗಳನ್ನೆಲ್ಲ ಈಗಲೇ ಬದಲಿಸಿಡಬೇಕೇ?

ಬೇಡ. ಡಿಡಬ್ಲ್ಯುಜಿ ಹಾಗೆಯೇ ಇರಲಿ, ಬೇಕಾದಾಗ ತೆರೆದರಾಯಿತು. ಆದರೆ ಸಹಿಯಾಗಿ ಹೋದ ಹಾಳೆಗಳ ಪಿಡಿಎಫ್ ಇಲ್ಲದಿದ್ದರೆ, ಹಳೆಯ ಸಾಫ್ಟ್‌ವೇರ್ ಇರುವಾಗಲೇ ಅವುಗಳನ್ನು ಮಾಡಿಟ್ಟುಬಿಡಿ. 'ಪಬ್ಲಿಷ್' ಕೊಟ್ಟರೆ ಹಲವು ಫೈಲಿನ ಲೇಔಟ್‌ಗಳು ಒಟ್ಟಿಗೆ ಆಗುತ್ತವೆ. ತೀರಾ ಹಳೆಯ ಆವೃತ್ತಿಗಳ ರಾಶಿಯನ್ನು ಒಂದೇ ಆವೃತ್ತಿಗೆ ತರಬೇಕಿದ್ದರೆ ಓಪನ್ ಡಿಸೈನ್ ಅಲಯನ್ಸ್‌ನ ಉಚಿತ ಒಡಿಎ ಫೈಲ್ ಕನ್ವರ್ಟರ್ ಇದೆ. ಒಳಬರುವ ಫೋಲ್ಡರ್, ಹೊರಹೋಗುವ ಫೋಲ್ಡರ್ ಬೇರೆ ಬೇರೆ ಕೊಡಿ, ಆವೃತ್ತಿ ಆರಿಸಿ, ಆಡಿಟ್ ಗುರುತು ಹಾಕಿ ಓಡಿಸಿ. ಮೂಲ ಫೋಲ್ಡರನ್ನು ಅಳಿಸಬೇಡಿ.